ಗಾಳಿ ಹೆಪ್ಪು ಹಾಕುವ ಊರು

ಚಳಿಗಾಲದ ಒಂದು ರಾತ್ರಿ. ಬೆಲ್ಜಿಯಮ್ ದೇಶದ ರಾಜಧಾನಿಯಾದ ಬ್ರಸೆಲ್ಸ್ ನಗರದಲ್ಲಿ, ದಕ್ಷಿಣ ರೈಲು ನಿಲ್ದಾಣಕ್ಕೆ ಅನತಿ ದೂರದ ಆಂಡರ್‌ಲೆಕ್ಟ್ ಬಡಾವಣೆಯಲ್ಲಿ, ಉಗ್ರಾಣದಂತೆ ತೋರುವ ಹಳೆಯ ಕಟ್ಟಡವೊಂದಿದೆ. ಅದರ ಅಟ್ಟದ ಮೇಲೆ, ಸೂರಿಗೆ ತಾಗಿಕೊಂಡಂತೆ, ಒಂದು ಕೋಣೆಯಷ್ಟು ಅಗಲವಾದ, ಮೊಣಕಾಲುದ್ದವೂ ಆಳವಿಲ್ಲದ ತಾಮ್ರದ ಕೊಪ್ಪರಿಗೆ. ಹಗಲೆಲ್ಲ ಕುದಿಸಿದ 7,500 ಲೀಟರು ಧಾನ್ಯದ ರಸವನ್ನು ಸಂಜೆ ಅದರೊಳಕ್ಕೆ ಹರಿಸಿದ್ದಾರೆ. ಅಟ್ಟದ ತುಂಬ ಆವಿ. ಗೋಡೆಯ ಪಡಿಗಳನ್ನು ತೆರೆದಿಟ್ಟು, ದೀಪವಾರಿಸಿ, ಕೆಲಸದವರು ಮನೆಗೆ ಹೋಗಿಬಿಡುತ್ತಾರೆ. ಇನ್ನು ಬೆಳಗಿನವರೆಗೆ ಅಲ್ಲಿ ಮನುಷ್ಯರ ಕೆಲಸವಿಲ್ಲ. ಮಿಕ್ಕುದನ್ನೆಲ್ಲ ಊರಿನ ಗಾಳಿ ನೋಡಿಕೊಳ್ಳುತ್ತದೆ.

ಹೀಗೆ ಹುಟ್ಟುವ ಪಾನೀಯಕ್ಕೆ ಲ್ಯಾಂಬಿಕ್ ಎಂದು ಹೆಸರು. ನಗರದ ನೈಋತ್ಯಕ್ಕಿರುವ ಲೆಂಬೇಕ್ ಎಂಬ ಹಳ್ಳಿಯ ಹೆಸರಿನಿಂದ ಅದು ಬಂದಿರಬೇಕೆಂದು ಹಲವರ ಊಹೆ. ಅದೂ ಬೀರೇ, ಆದರೆ ಬೀರೆಂಬ ಮಾತಿಗೆ ಸಾಮಾನ್ಯವಾಗಿ ಮನಸ್ಸಿನಲ್ಲಿ ಮೂಡುವ ಚಿತ್ರಕ್ಕೂ ಇದಕ್ಕೂ ಹೆಚ್ಚಿನ ಸಂಬಂಧವಿಲ್ಲ.

ಕರೆಯದೆ ಬರುವ ಅತಿಥಿಗಳು

ಧಾನ್ಯದ ಸಿಹಿರಸ ಮದ್ಯವಾಗಬೇಕಾದರೆ ಅದು ಹುದುಗಬೇಕು. ಹುದುಗಬೇಕಾದರೆ ಯೀಸ್ಟ್ ಎಂಬ ಸೂಕ್ಷ್ಮಜೀವಿ ಬೇಕು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಎಂಬ ವಿಜ್ಞಾನಿ 1883ರಲ್ಲಿ ಒಂದೇ ತಳಿಯ ಶುದ್ಧ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದ. ಅಂದಿನಿಂದ ಬೀರು ತಯಾರಿಕೆಯಲ್ಲಿ ಅನಿಶ್ಚಯ ಬಹುಮಟ್ಟಿಗೆ ತೊಲಗಿತು. ಬೇಕಾದ ತಳಿಯನ್ನು ಅಳೆದು ಹಾಕಿದರೆ ಬೇಕಾದ ರುಚಿ ಬರುತ್ತದೆ. 2010ರ ಈಚೆಗೆ ಬೆಂಗಳೂರಿನಲ್ಲಿ ತಲೆಯೆತ್ತಿದ ಸಣ್ಣ ಬೀರು ತಯಾರಿಕೆಯ ಮನೆಗಳಲ್ಲಿ ಗಾಜಿನ ಗೋಡೆಯಾಚೆ ಹೊಳೆಯುವ ಉಕ್ಕಿನ ಪಾತ್ರೆಗಳೂ ಈ ಶಿಸ್ತಿಗೆ ಒಳಪಟ್ಟವುಗಳೇ.

ಲ್ಯಾಂಬಿಕ್ ಮಾಡುವವರು ಮಾತ್ರ ಏನನ್ನೂ ಹಾಕುವುದಿಲ್ಲ. ಗಾಳಿಯಲ್ಲಿ ತೇಲಿಬರುವ, ಕಟ್ಟಡದ ತೊಲೆಗಳಲ್ಲಿ, ಪೀಪಾಯಿಗಳ ಮರದಲ್ಲಿ ಮನೆಮಾಡಿಕೊಂಡಿರುವ ಜೀವಿಗಳು ತಾವಾಗಿ ರಸಕ್ಕಿಳಿಯುತ್ತವೆ. ನಮ್ಮ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟಿಗೆ ಯಾರೂ ಯೀಸ್ಟ್ ಬೆರೆಸುವುದಿಲ್ಲ. ಬೆಳಗಾಗುವುದರೊಳಗೆ ಅದು ಪಾತ್ರೆಯಂಚಿಗೆ ಉಕ್ಕಿ ನಿಂತಿರುತ್ತದೆ. ಬಗನಿಯ ಮರದಿಂದಿಳಿಸಿದ ಸಿಹಿ ನೀರು ಮಧ್ಯಾಹ್ನದ ವೇಳೆಗೆ ಹೆಂಡವಾಗುವುದೂ ಹೀಗೆಯೇ. ಇಡ್ಲಿಯ ಹಿಟ್ಟಿಗೆ ಒಂದು ರಾತ್ರಿ ಸಾಕು, ಲ್ಯಾಂಬಿಕ್ಕಿಗೆ ಮೂರು ವರ್ಷ ಬೇಕು; ವ್ಯತ್ಯಾಸ ಇಷ್ಟೇ.

ಅದರ ಸಾಮಗ್ರಿಗಳೂ ವಿಚಿತ್ರವೇ. ಮೊಳೆಯಿಸಿದ ಬಾರ್ಲಿಯ ಜೊತೆಗೆ ಮೂರರಲ್ಲೊಂದು ಪಾಲಿಗೂ ತುಸು ಹೆಚ್ಚಾಗಿ ಮೊಳೆಯಿಸದ ಹಸಿ ಗೋದಿ. ಕಹಿಗೆಂದು ಬಳಸುವ ಹಾಪ್ಸ್ ಹೂವನ್ನು ಉಳಿದವರು ಘಮಘಮಿಸುವಂತೆ ಹೊಸದಾಗಿ ಕೊಂಡರೆ, ಇವರು ಅದನ್ನು ಎರಡು ಮೂರು ವರ್ಷ ಒಣಗಿಸಿಟ್ಟು, ಪರಿಮಳವೂ ಕಹಿಯೂ ಕಳೆದ ಮೇಲೆ ಬಳಸುತ್ತಾರೆ. ಇವರಿಗೆ ಬೇಕಾದುದು ರಸವನ್ನು ಕೆಡದಂತೆ ಕಾಯುವ ಅದರ ಗುಣ, ರುಚಿಯಲ್ಲ. ಮೂರು ನಾಲ್ಕು ಗಂಟೆಗಳ ಕಾಲ ಕುದಿಸುವುದರಿಂದ 10,000 ಲೀಟರಿನಲ್ಲಿ ಕಾಲು ಭಾಗ ಆವಿಯಾಗಿ ಹೋಗುತ್ತದೆ.

ಮರುದಿನ ತಣಿದ ರಸ ಮರದ ಪೀಪಾಯಿಗಳನ್ನು ಸೇರುತ್ತದೆ. ಕೆಲವು ದಿನ ಸದ್ದಿಲ್ಲ. ಆಮೇಲೆ ಒಮ್ಮೆಲೇ ನೊರೆಯುಕ್ಕಿ ಪೀಪಾಯಿಯ ಬಾಯಿಂದ ಸುರಿಯತೊಡಗುತ್ತದೆ. ಆ ಆರ್ಭಟ ಅಡಗಿದ ಮೇಲೆ ಬಿರಡೆ ಬಿಗಿಯುತ್ತಾರೆ. ಒಂದು ಜಾತಿಯ ಜೀವಿಗಳು ದಣಿದಾಗ ಇನ್ನೊಂದು ಜಾತಿ ಕೆಲಸಕ್ಕೆ ತೊಡಗುತ್ತದೆ. ಇವುಗಳಲ್ಲಿ ಮುಖ್ಯವಾದುದಕ್ಕೆ ವಿಜ್ಞಾನಿಗಳು ಈ ನಗರದ ಹೆಸರನ್ನೇ ಸೇರಿಸಿ ಬ್ರೆಟ್ಟಾನೊಮೈಸಿಸ್ ಬ್ರುಕ್ಸೆಲೆನ್ಸಿಸ್ ಎಂದು ಕರೆದಿದ್ದಾರೆ. ದ್ರಾಕ್ಷಾರಸ ಮಾಡುವವರು ಇದರ ಹೆಸರು ಕೇಳಿದರೆ ಬೆಚ್ಚುತ್ತಾರೆ. ಅವರ ಪಾಲಿಗೆ ಇದು ಸರಕು ಕೆಡಿಸುವ ಕಳ್ಳ. ಬ್ರಸೆಲ್ಸಿನಲ್ಲಿ ಇದೇ ಮನೆಯ ದೈವ.

ಪೀಪಾಯಿಗಳ ನಡುವೆ ಜೇಡರ ಬಲೆಗಳು ತೂಗಾಡುತ್ತಿರುತ್ತವೆ. ಅವನ್ನು ಯಾರೂ ಗುಡಿಸುವುದಿಲ್ಲ. ಹಣ್ಣಿನ ವಾಸನೆಗೆ ಮುತ್ತುವ ನೊಣಗಳನ್ನು ಹಿಡಿಯುವ ಕಾವಲುಗಾರರು ಅವರೇ ಆದುದರಿಂದ ಜೇಡರಿಗೆ ಆ ಮನೆಯಲ್ಲಿ ಅಭಯವಿದೆ.

ಮೂರು ಚಳಿಗಾಲಗಳ ಬೆರಕೆ

ಪೀಪಾಯಿಯಿಂದ ನೇರವಾಗಿ ಬಗ್ಗಿಸಿದ ಲ್ಯಾಂಬಿಕ್ಕಿನಲ್ಲಿ ನೊರೆಯಿಲ್ಲ, ಹುಳಿಯುಂಟು. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ಕುಗಳನ್ನು ಹದವರಿತು ಬೆರೆಸಿ ದಪ್ಪ ಶೀಸೆಗಳಲ್ಲಿ ತುಂಬಿಟ್ಟರೆ, ಎಳೆಯದರಲ್ಲಿ ಉಳಿದ ಸಕ್ಕರೆ ಮತ್ತೆ ಹುದುಗಿ ಶಾಂಪೇನಿನಂತೆ ಬುರುಗೆಬ್ಬಿಸುತ್ತದೆ. ಇದು ಗ್ಯೂಜ್. ಹುಳಿ ಚೆರಿಹಣ್ಣನ್ನು ಲೀಟರಿಗೆ ಸುಮಾರು 200 ಗ್ರಾಮಿನಂತೆ ನೆನೆಹಾಕಿದರೆ ಮಾಣಿಕ್ಯದ ಬಣ್ಣದ ಕ್ರೀಕ್. ಅದಕ್ಕೆ ಹೆಸರಾದುದು ನಗರದ ಸ್ಕಾರ್‌ಬೇಕ್ ಬಡಾವಣೆಯ ಚೆರಿ. ತೋಟಗಳಿದ್ದಲ್ಲಿ ಮನೆಗಳೆದ್ದುವು, ಆ ತಳಿಯ ಹಣ್ಣು ಈಗ ಅಪರೂಪ.

ಬೆರೆಸುವ ಕೆಲಸ ಯಂತ್ರಕ್ಕೆ ಒಗ್ಗದು. ಒಂದೇ ದಿನ ಕುದಿಸಿ ಅಕ್ಕಪಕ್ಕದ ಪೀಪಾಯಿಗಳಲ್ಲಿ ತುಂಬಿಟ್ಟ ರಸ ಮೂರು ವರ್ಷದಲ್ಲಿ ಬೇರೆ ಬೇರೆ ಹಾದಿ ಹಿಡಿದಿರುತ್ತದೆ. ಒಂದರಲ್ಲಿ ಹಸಿ ಸೇಬಿನ ನೆನಪು, ಇನ್ನೊಂದರಲ್ಲಿ ಒಣಹುಲ್ಲಿನ ವಾಸನೆ, ಮತ್ತೊಂದರಲ್ಲಿ ಬರಿಯ ಕಟುವಾದ ಹುಳಿ. ಬೆರಕೆಗಾರನು ಒಂದೊಂದನ್ನೂ ನಾಲಗೆಗೆ ಸೋಕಿಸಿ, ಯಾವುದರ ಕೊರತೆಯನ್ನು ಯಾವುದು ತುಂಬೀತೆಂದು ಲೆಕ್ಕ ಹಾಕಬೇಕು.

ಈ ರುಚಿ ಹಳೆಯದು. 1563ರಿಂದ 1569ರಲ್ಲಿ ತೀರಿಕೊಳ್ಳುವವರೆಗೆ ಬ್ರಸೆಲ್ಸಿನಲ್ಲಿ ನೆಲೆಸಿದ್ದ ಚಿತ್ರಕಾರ ಪೀಟರ್ ಬ್ರೂಗೆಲ್ ಹಳ್ಳಿಯ ಮದುವೆಯೂಟವೊಂದನ್ನು ಚಿತ್ರಿಸಿದ್ದಾನೆ. ಅದರಲ್ಲಿ ಒಬ್ಬನು ಹೂಜಿಯಿಂದ ಹೂಜಿಗೆ ಪಾನೀಯವನ್ನು ಸುರಿಯುತ್ತಿದ್ದಾನೆ. ಅದು ಲ್ಯಾಂಬಿಕ್ಕೇ ಎಂದು ಊರವರ ನಂಬಿಕೆ.

ಹೊಳೆ ಮುಚ್ಚಿತು, ಬಾಗಿಲೂ ಮುಚ್ಚಿತು

ಲ್ಯಾಂಬಿಕ್ಕಿನ ನಾಡೆಂದರೆ ಸೆನ್ ಎಂಬ ಸಣ್ಣ ಹೊಳೆಯ ಕಣಿವೆ. ನಗರದ ಕೊಳೆಯನ್ನೆಲ್ಲ ಹೊತ್ತು ನಾರುತ್ತಿದ್ದ ಆ ಹೊಳೆ 1866ರ ಕಾಲರಾ ಮಾರಿಯ ಅನಂತರ ಜನರಿಗೆ ಬೇಡವಾಯಿತು. ಮೇಯರ್ ಜೂಲ್ ಆನ್‌ಸ್ಪಾಕ್ ಮುಂದೆ ನಿಂತು, 1867ರಿಂದ 1871ರವರೆಗೆ ನಡೆದ ಕಾಮಗಾರಿಯಲ್ಲಿ ಅದರ ಮೇಲೆ ಕಮಾನು ಕಟ್ಟಿಸಿ, ಮೇಲೆ ರಾಜಬೀದಿಗಳನ್ನು ಹಾಸಿಸಿದ. ಹೊಳೆ ಕಣ್ಮರೆಯಾದರೂ ಹುದುಗು ಉಳಿಯಿತು.

ಉಳಿಯದಿದ್ದುದು ಜನರ ನಾಲಗೆ. ಎರಡನೆಯ ಮಹಾಯುದ್ಧದ ತರುವಾಯ ಸಿಹಿ ಪಾನೀಯಗಳ ಕಾಲ ಬಂತು. ಹುಳಿ ಗ್ಯೂಜ್ ಮುದುಕರ ಪಾನೀಯವೆನಿಸಿತು. ದೊಡ್ಡ ಕಾರಖಾನೆಗಳು ಅದನ್ನು ಸೋಸಿ, ಸಕ್ಕರೆ ಬೆರೆಸಿ ಮಾರಿದುವು. ಸಣ್ಣವರು ಒಬ್ಬೊಬ್ಬರಾಗಿ ಬಾಗಿಲು ಹಾಕಿದರು.

ಆಂಡರ್‌ಲೆಕ್ಟಿನ ಆ ಕಟ್ಟಡ ಕಾಂಟಿಯೋಂ ಮನೆತನದ್ದು. ಪಾಲ್ ಕಾಂಟಿಯೋಂ 1900ರಲ್ಲಿ ತೊಡಗಿದ ಕಸುಬು ಅದು. ಮೊಮ್ಮಗಳ ಗಂಡನಾಗಿ ಆ ಮನೆಗೆ ಬಂದ ಜಾನ್‌-ಪಿಯೆರ್ ವಾನ್ ರಾಯ್ ಕೈಗೆ ಅದು ದಾಟಿದಾಗ ಊರಿನಲ್ಲಿ ಆ ರುಚಿಯನ್ನು ಕೇಳುವವರೇ ಕಡಮೆ. ಸಕ್ಕರೆಗೆ ಶರಣಾಗಲು ಆತ ಒಪ್ಪಲಿಲ್ಲ. 1978ರಲ್ಲಿ ತಯಾರಿಕೆಯ ಮನೆಯನ್ನೇ ಗ್ಯೂಜಿನ ವಸ್ತುಸಂಗ್ರಹಾಲಯವೆಂದು ಸಾರಿ, ಜನರಿಗೆ ಬಾಗಿಲು ತೆರೆದ. ಕೊಳ್ಳಲು ಬಾರದವರು ನೋಡಲಾದರೂ ಬಂದಾರು ಎಂಬ ಎಣಿಕೆ ಸುಳ್ಳಾಗಲಿಲ್ಲ. ನೋಡಬಂದವರು ಒಂದು ಗುಟುಕು ಕುಡಿದರು, ಮುಖ ಹಿಂಡಿದರು, ಕೆಲವರು ಮತ್ತೊಂದು ಗುಟುಕು ಕೇಳಿದರು. ಕಸುಬು ಈಗ ಆತನ ಮಗ ಜಾನ್ ವಾನ್ ರಾಯ್ ಅವರ ಕಾಲಕ್ಕೆ ಬಂದಿದೆ. ಒಂದು ಕಾಲದಲ್ಲಿ ಮಾರಾಟವಾಗದೆ ಉಳಿಯುತ್ತಿದ್ದ ಶೀಸೆಗಳಿಗೆ ಇಂದು ದೂರದ ದೇಶಗಳಿಂದಲೂ ಜನ ಹುಡುಕಿಕೊಂಡು ಬರುತ್ತಾರೆ.

ಸವಿಯುವ ಹಬ್ಬಗಳು

ಹಿರಿಯರ ಹಟದಿಂದ ಕಿರಿಯರಿಗೂ ಧೈರ್ಯ ಬಂತು. ಮುಚ್ಚಿಹೋದ ಹೊಳೆಯ ಹೆಸರನ್ನೇ ಹೊತ್ತ ಬ್ರಾಸರಿ ದ ಲಾ ಸೆನ್ ಎಂಬ ಸಣ್ಣ ತಯಾರಿಕೆಯ ಮನೆ 2010ರಲ್ಲಿ ನಗರದ ಮೊಲೆನ್‌ಬೇಕಿನಲ್ಲಿ ಒಲೆ ಹೊತ್ತಿಸಿತು. ಅದರ ಹೆಸರಾಂತ ಬೀರು ಜಿನ್ನೆಬೀರ್. ಜಿನ್ನೆಕೆ ಎಂದರೆ ಹೊಳೆದಂಡೆಯ ಬೀಡಾಡಿ ನಾಯಿ. ನಾನಾ ನುಡಿ, ನಾನಾ ಕುಲಗಳು ಬೆರೆತ ಬ್ರಸೆಲ್ಸಿನ ಜನ ಆ ಹೆಸರನ್ನು ಅಭಿಮಾನದಿಂದ ತಮಗೇ ಇಟ್ಟುಕೊಂಡಿದ್ದಾರೆ! ಬ್ರಸೆಲ್ಸ್ ಬೀರ್ ಪ್ರಾಜೆಕ್ಟ್ ಎಂಬ ಇನ್ನೊಂದು ಯುವಕರ ತಂಡ ಅಂಗಡಿಗಳಲ್ಲಿ ಮಾರದೆ ಉಳಿದ ಬ್ರೆಡ್ಡನ್ನು ಧಾನ್ಯದೊಡನೆ ಸೇರಿಸಿ 2015ರಲ್ಲಿ ಬಾಬಿಲೋನ್ ಎಂಬ ಬೀರನ್ನು ತಯಾರಿಸಿತು.

1997ರಲ್ಲಿ ಲ್ಯಾಂಬಿಕ್ ತಯಾರಕರು ಹೋರಾಲ್ ಎಂಬ ಸಂಘ ಕಟ್ಟಿಕೊಂಡು ತೂರ್ ದ ಗ್ಯೂಜ್ ಎಂಬ ಯಾತ್ರೆಯನ್ನು ಆರಂಭಿಸಿದರು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ವಸಂತದಲ್ಲಿ ನಡೆಯುವ ಈ ಯಾತ್ರೆಯಲ್ಲಿ ಜನ ಬಸ್ಸುಗಳಲ್ಲಿ ತಯಾರಿಕೆಯ ಮನೆಯಿಂದ ಮನೆಗೆ ಸುತ್ತುತ್ತಾರೆ. ಮೃದುವಾದ ಬಿಳಿ ಚೀಸ್ ಹಚ್ಚಿದ ಬ್ರೆಡ್ಡು, ಮೂಲಂಗಿ, ಪಕ್ಕದಲ್ಲಿ ಕಲ್ಲುಪಿಂಗಾಣಿಯ ಹೂಜಿ. ಅಜ್ಜಂದಿರೂ ಮೊಮ್ಮಕ್ಕಳೂ ಜೊತೆಯಲ್ಲಿ ಬಂದಿರುವುದುಂಟು. ಕಾಂಟಿಯೋಂ ಮನೆಯವರು 2011ರಲ್ಲಿ ಆರಂಭಿಸಿದ ಜ್ವಾಂಜೆ ದಿನದ ಬಗೆಯೇ ಬೇರೆ: ಆ ವರ್ಷಕ್ಕೆಂದೇ ಮಾಡಿದ ಒಂದು ಪೀಪಾಯಿಯನ್ನು ಹಲವು ದೇಶಗಳಲ್ಲಿ ಒಂದೇ ಹೊತ್ತಿಗೆ ತೆರೆಯುವುದು. ಜ್ವಾಂಜೆ ಎಂದರೆ ತನ್ನನ್ನೇ ಗೇಲಿಮಾಡಿಕೊಳ್ಳುವ ಬ್ರಸೆಲ್ಸಿನ ಹಾಸ್ಯ. ಬೆಲ್ಜಿಯಮ್ಮಿನ ಬೀರು ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ರಾತ್ರಿಗಳು ಬೆಚ್ಚಗಾದರೆ?

ಗಾಳಿಯನ್ನು ನಂಬಿದವರಿಗೆ ಗಾಳಿಯ ಭಯವೂ ತಪ್ಪಿದ್ದಲ್ಲ. ಅಕ್ಟೋಬರಿನ ಕೊನೆಯಿಂದ ಏಪ್ರಿಲಿನ ಆದಿಯವರೆಗೆ ಮಾತ್ರ ಲ್ಯಾಂಬಿಕ್ ಕುದಿಸುತ್ತಾರೆ. ರಾತ್ರಿಯ ಉಷ್ಣತೆ ಸೊನ್ನೆಗೆ ಮೂರು ಡಿಗ್ರಿ ಕೆಳಗಿನಿಂದ ಎಂಟು ಡಿಗ್ರಿ ಸೆಲ್ಸಿಯಸ್‌ವರೆಗೆ ಇದ್ದರೆ ಹದ. ಸೆಕೆಯಾದರೆ ರಸ ಬೆಳಗಾಗುವುದರೊಳಗೆ ತಣಿಯದು. ಬೇಡದ ಜೀವಿಗಳು ಮೊದಲೇ ನುಗ್ಗಿ ಕೆಡಿಸುತ್ತವೆ. 2015ರ ನವೆಂಬರಿನಲ್ಲಿ ರಾತ್ರಿಗಳು ತಣ್ಣಗಾಗಲೇ ಇಲ್ಲ. ಕಾಂಟಿಯೋಂ ಮನೆಯವರು ಕುದಿಸುವುದನ್ನೇ ನಿಲ್ಲಿಸಿ ಚಳಿಗಾಗಿ ಕಾಯಬೇಕಾಯಿತು. ಭೂಮಿ ಬಿಸಿಯೇರುತ್ತಿದೆಯೆಂದು ಪತ್ರಿಕೆಗಳಲ್ಲಿ ಓದುವ ಮಾತು ಅಲ್ಲಿ ಅಟ್ಟದ ಮೇಲಿನ ಕೊಪ್ಪರಿಗೆಯಲ್ಲಿಯೇ ಕಾಣತೊಡಗಿದೆ. ಯಂತ್ರದಿಂದ ತಣಿಸಬಹುದಲ್ಲ ಎಂದರೆ, ರಸವೇನೋ ತಣಿದೀತು. ಹುದುಗು ಇಳಿಯಲು ಬೇಕಾದ ಆ ತೆರೆದ ರಾತ್ರಿಯನ್ನು ಯಂತ್ರ ತಂದುಕೊಡಲಾರದು.

ಬಿಸಿ ಏನು ಮಾಡಬಲ್ಲುದೆಂಬುದನ್ನು ನಗರದಾಚೆಯ ಬೇರ್ಸೆಲ್ ಊರಿನ ಆರ್ಮಾಂಡ್ ಡೆಬೆಲ್ಡರ್ ಒಂದೇ ಏಟಿಗೆ ಕಂಡರು. ಅವರ ತಯಾರಿಕೆಯ ಮನೆಗೆ ‘ಮೂರು ಚಿಲುಮೆ’ ಎಂದರ್ಥವಾಗುವ ದ್ರೀ ಫಾಂಟೇನನ್ ಎಂಬ ಹೆಸರು. 2009ರ ಮೇ ತಿಂಗಳಲ್ಲಿ ಅವರ ಉಗ್ರಾಣದ ಉಷ್ಣ ನಿಯಂತ್ರಕ ಕೆಟ್ಟು, ಬಿಸಿಗಾಳಿ ನಿಲ್ಲದೆ ಊದಿತು. ಸಾವಿರಾರು ಶೀಸೆಗಳು ಸಿಡಿದುವು. ಉಳಿದ ಹತ್ತಾರು ಸಾವಿರ ಶೀಸೆಗಳ ರುಚಿ ಕೆಟ್ಟಿತು. ಹಲವು ವರ್ಷಗಳ ದುಡಿಮೆ ಹೀಗೆ ಹೋಯಿತು. ಕಸುಬು ಬಿಡುವುದೊಂದೇ ದಾರಿಯೆಂಬಂತಿದ್ದಾಗ ಸ್ನೇಹಿತರು ಬಂದು, ಶೀಸೆಗಳನ್ನು ಒಂದೊಂದಾಗಿ ತೆರೆದು ಬರಿದುಮಾಡಲು ಕೈ ನೀಡಿದರು. ಕೆಟ್ಟ ಗ್ಯೂಜನ್ನು ಭಟ್ಟಿಯಿಳಿಸಿ ಮಾರಿದುದರಿಂದ ಅಷ್ಟಿಷ್ಟು ಹಣ ಕೂಡಿತು. ಕೆಲವು ವರ್ಷ ಅವರು ಬೇರೆಯವರ ಲ್ಯಾಂಬಿಕ್ ಕೊಂಡು ಬೆರೆಸುತ್ತ ಕಾಲ ತಳ್ಳಿ, ಆಮೇಲೆ ಮತ್ತೆ ತಮ್ಮದೇ ಒಲೆ ಹಚ್ಚಿದರು. 2022ರಲ್ಲಿ ಅವರು ತೀರಿಕೊಂಡಾಗ ಆ ಮನೆಯ ಪೀಪಾಯಿಗಳು ಬರಿದಾಗಿರಲಿಲ್ಲ.

ಆಂಡರ್‌ಲೆಕ್ಟಿನ ಅಟ್ಟದಲ್ಲಿ ಬೆಳಕು ಹರಿಯುತ್ತದೆ. ಆವಿ ಅಡಗಿದೆ, ಕೊಪ್ಪರಿಗೆಯ ಮೇಲ್ಮೈ ಕನ್ನಡಿಯಂತೆ ನಿಶ್ಚಲವಾಗಿದೆ. ಹುದುಗು ಇಳಿಯಿತೋ ಇಲ್ಲವೋ ಕಣ್ಣಿಗೆ ಕಾಣದು. ಕೆಲಸದವರು ಮೊದಲು ಉಷ್ಣತೆಯನ್ನು ನೋಡುತ್ತಾರೆ. ಹದವಾಗಿದ್ದರೆ ರಸವನ್ನು ಕೆಳಗಿಳಿಸಿ, ಪೀಪಾಯಿಗಳಿಗೆ ತುಂಬಿ, ಅದರ ವಯಸ್ಸನ್ನು ಗುರುತು ಮಾಡಿಡುತ್ತಾರೆ. ಅದರ ಬೆರಕೆ ನಿಶ್ಚಯವಾಗುವುದು ಮೂರು ಚಳಿಗಾಲಗಳ ಮೇಲೆ. ಅಲ್ಲಿಯವರೆಗೆ ಅದರ ಯೋಗಕ್ಷೇಮ ಜೇಡರದು.