ವೈದ್ಯರ ಚೀಟಿಯಿಂದ ಮನೆಯ ಹೊಸ್ತಿಲವರೆಗೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಊಟವನ್ನೂ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದ ಈ ಗಾದೆಗೆ ನಮ್ಮ ಕಾಲದಲ್ಲಿ ಹೊಸದೊಂದು ಅರ್ಥ ಒದಗಿಬಂದಿದೆ. ಇಂದು ನಮ್ಮ ಮನೆಗಳನ್ನು ಕಾಡುತ್ತಿರುವ ರೋಗಗಳಲ್ಲಿ ಹಲವು ಊಟದ ತಟ್ಟೆಯ ಸುತ್ತಲೇ ಬೆಳೆಯುತ್ತವೆ. ಅವುಗಳ ಹತೋಟಿಯಾದರೋ ಔಷಧದಷ್ಟೇ ಒಳ್ಳೆಯ ಮಾತನ್ನೂ ಬೇಡುತ್ತದೆ.

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ರೋಗವೆಂದರೆ ಕಾಲರಾ, ಪ್ಲೇಗು, ಸಿಡುಬು. ಅವು ಬಂದವು, ಕೆಲವರನ್ನು ಒಯ್ದವು, ಉಳಿದವರನ್ನು ಬಿಟ್ಟುಹೋದವು. ಮಧುಮೇಹ ಮತ್ತು ರಕ್ತದೊತ್ತಡಗಳ ರೀತಿ ಬೇರೆ. ಅವು ಅತಿಥಿಗಳಂತೆ ಬಂದು ಹೋಗುವುದಿಲ್ಲ, ಮನೆಯವರಾಗಿಯೇ ಉಳಿದುಬಿಡುತ್ತವೆ. ಅವುಗಳನ್ನು ಬಹುತೇಕ ಬೇರುಸಹಿತ ಕಿತ್ತೆಸೆಯಲಾಗದು, ಹತೋಟಿಯಲ್ಲಿಡಬಹುದು. ಆದಕಾರಣ ಇಲ್ಲಿ ಕೇಳಬೇಕಾದ ಪ್ರಶ್ನೆ ‘ಗುಣವಾಗುವುದು ಎಂದು?’ ಎಂಬುದಲ್ಲ, ‘ದಿನವೂ ಬಾಳುವುದು ಹೇಗೆ?’ ಎಂಬುದು.

ಅಂಕಿಗಳು ಹೇಳುವ ಕಥೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆ. ಇದಕ್ಕಿಂತಲೂ ನಮ್ಮನ್ನು ಚಿಂತೆಗೀಡುಮಾಡಬೇಕಾದ ಲೆಕ್ಕವೊಂದಿದೆ. 2017-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ರಕ್ತದೊತ್ತಡ ಹೆಚ್ಚಿದ್ದ ಪ್ರತಿ 100 ವಯಸ್ಕರ ಪೈಕಿ ತಮಗೆ ಅದು ಇದೆಯೆಂದು ಅರಿತಿದ್ದವರು ಸುಮಾರು 28 ಮಂದಿ. ಚಿಕಿತ್ಸೆ ಪಡೆಯುತ್ತಿದ್ದವರು 15ಕ್ಕಿಂತ ಕಡಿಮೆ. ಒತ್ತಡ ಹತೋಟಿಯಲ್ಲಿದ್ದವರು 13 ಮಂದಿಯೂ ಇಲ್ಲ.

ಇದಕ್ಕೆ ಔಷಧ ಇಲ್ಲವೆಂಬುದು ಕಾರಣವಲ್ಲ. ರಕ್ತದೊತ್ತಡದ ಸಾಮಾನ್ಯ ಮಾತ್ರೆಗಳು ಅಗ್ಗದವು, ಹಳೆಯವು, ಪರೀಕ್ಷೆಗೊಳಪಟ್ಟವು. ಆದರೆ ವೈದ್ಯರ ಚೀಟಿಗೂ ರೋಗಿಯ ಮನೆಯ ಹೊಸ್ತಿಲಿಗೂ ನಡುವೆ ಎಲ್ಲಿಯೋ ಚಿಕಿತ್ಸೆ ಸೋರಿಹೋಗುತ್ತಿದೆ.

ಸೋರಿಹೋಗುವುದು ಎಲ್ಲಿ?

ಮಲೆನಾಡಿನ ಕಾಫಿ ತೋಟವೊಂದರಲ್ಲಿ ದುಡಿಯುವ ಕೂಲಿಯಾಳನ್ನು ಕಲ್ಪಿಸಿಕೊಳ್ಳಿ. ತಾಲ್ಲೂಕು ಆಸ್ಪತ್ರೆಗೆ ಹೋಗಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ. ಬಸ್ಸಿನ ಖರ್ಚು ಮೇಲೆ. ಸರದಿಯಲ್ಲಿ ಮೂರು ಗಂಟೆ ನಿಂತರೆ ವೈದ್ಯರ ಮುಂದೆ ದೊರೆಯುವುದು ಎರಡೋ ಮೂರೋ ನಿಮಿಷ. ‘ಉಪ್ಪು ಕಡಿಮೆ ಮಾಡಿ, ಮಾತ್ರೆ ಬಿಡಬೇಡಿ’ ಎಂಬ ಎರಡು ವಾಕ್ಯಗಳಲ್ಲಿ ಉಪದೇಶ ಮುಗಿಯುತ್ತದೆ. ವೈದ್ಯರನ್ನು ದೂರುವಂತಿಲ್ಲ, ಹೊರಗೆ ಇನ್ನೂ ನೂರು ಜನ ಕಾದಿರುತ್ತಾರೆ.

ಮನೆಗೆ ಬಂದ ಮೇಲೆ ನಿಜವಾದ ಕಥೆ ಆರಂಭವಾಗುತ್ತದೆ. ಹದಿನೈದು ದಿನ ಮಾತ್ರೆ ನುಂಗಿದಾಗ ತಲೆಸುತ್ತು ನಿಲ್ಲುತ್ತದೆ. ನಿಂತಿತೆಂದರೆ ಗುಣವಾಯಿತೆಂದು ಭಾವಿಸಿ ಮಾತ್ರೆಯನ್ನೂ ನಿಲ್ಲಿಸಲಾಗುತ್ತದೆ. ‘ಒಮ್ಮೆ ಶುರುಮಾಡಿದರೆ ಜೀವನಪೂರ್ತಿ ಅಭ್ಯಾಸವಾಗಿಬಿಡುತ್ತದೆ’ ಎಂದು ನೆರೆಮನೆಯವರು ಹೆದರಿಸುತ್ತಾರೆ. ಗಂಡನ ಮಾತ್ರೆಯನ್ನು ಹೆಂಡತಿಯೂ ಹಂಚಿಕೊಳ್ಳುವುದುಂಟು, ಇಬ್ಬರಿಗೂ ‘ಬಿ.ಪಿ.’ಯೇ ತಾನೆ ಎಂಬ ತರ್ಕದಿಂದ! ಕರಾವಳಿಯಲ್ಲಿ ಗಂಜಿಯ ಜೊತೆ ಒಣಮೀನೂ ಉಪ್ಪಿನಕಾಯಿಯೂ ಇಲ್ಲದೆ ಊಟವೇ ಆಗದು. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ, ಎಂದರೆ ಒಂದು ಚಿಕ್ಕ ಚಮಚಕ್ಕಿಂತ, ಹೆಚ್ಚು ಉಪ್ಪು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಮಾತು ಅಡುಗೆಮನೆಯನ್ನು ತಲುಪುವ ದಾರಿ ಯಾವುದು?

ಗಮನಿಸಿರಿ: ಇವುಗಳಲ್ಲಿ ಯಾವೊಂದನ್ನೂ ಆಸ್ಪತ್ರೆಯಲ್ಲಿ ಕುಳಿತು ಕಾಣಲು ಸಾಧ್ಯವಿಲ್ಲ. ಮನೆಯೊಳಕ್ಕೆ ಬಂದವರಿಗೆ ಮಾತ್ರ ಅವು ಕಾಣುತ್ತವೆ.

ಹೊಸ್ತಿಲು ದಾಟಿ ಬರುವವರು

ಹಾಗೆ ಮನೆಯೊಳಕ್ಕೆ ಬರುವವರನ್ನು ನಾವೆಲ್ಲರೂ ಬಲ್ಲೆವು. ಅವರು ನಮ್ಮೂರಿನ ಆಶಾ ಕಾರ್ಯಕರ್ತೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ರೂಪುಗೊಂಡ ಈ ಪಡೆಯಲ್ಲಿ ಇಂದು ದೇಶದಾದ್ಯಂತ ಸುಮಾರು 10 ಲಕ್ಷ ಮಹಿಳೆಯರಿದ್ದಾರೆ. ಕರ್ನಾಟಕದಲ್ಲಿ 40 ಸಾವಿರಕ್ಕೂ ಮಿಗಿಲು. ಸಾಮಾನ್ಯವಾಗಿ ಒಂದು ಸಾವಿರ ಜನಸಂಖ್ಯೆಗೆ ಒಬ್ಬರು. ಅದೇ ಊರಿನ ಸೊಸೆ ಅಥವಾ ಮಗಳು. ಮೊದಲು ಗರ್ಭಿಣಿಯರ ಹಾಗೂ ಹಸುಗೂಸುಗಳ ಆರೈಕೆಯೇ ಇವರ ಮುಖ್ಯ ಹೊಣೆಯಾಗಿತ್ತು. 2017ರಿಂದ ಈಚೆಗೆ ಮೂವತ್ತು ವರ್ಷ ದಾಟಿದ ಎಲ್ಲರನ್ನೂ ರಕ್ತದೊತ್ತಡ, ಮಧುಮೇಹ ಹಾಗೂ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳ ತಪಾಸಣೆಗೆ ಕರೆತರುವ ಕಾರ್ಯವೂ ಸೇರಿಕೊಂಡಿತು.

ಅವರು ಒಂದು ನಮೂನೆಯನ್ನು ಹಿಡಿದು ಬರುತ್ತಾರೆ. ವಯಸ್ಸೆಷ್ಟು, ಹೊಗೆಸೊಪ್ಪಿನ ಅಭ್ಯಾಸವಿದೆಯೇ, ಮದ್ಯಪಾನವುಂಟೇ, ಸೊಂಟದ ಸುತ್ತಳತೆ ಎಷ್ಟು, ಮೈಗೆ ವ್ಯಾಯಾಮವಿದೆಯೇ, ತಂದೆ ತಾಯಿಗೆ ಈ ಕಾಯಿಲೆಯಿತ್ತೇ ಎಂದು ಕೇಳಿ ಒಂದೊಂದಕ್ಕೂ ಅಂಕ ಹಾಕುತ್ತಾರೆ. ಅಂಕ ನಾಲ್ಕನ್ನು ಮೀರಿದವರನ್ನು ಮೊದಲು ತಪಾಸಣೆಗೆ ಕಳುಹಿಸುತ್ತಾರೆ. ಉಪಕೇಂದ್ರದಲ್ಲಿ ಒತ್ತಡವನ್ನೂ ಸಕ್ಕರೆಯನ್ನೂ ಅಳೆಯಲಾಗುತ್ತದೆ. ಹೆಚ್ಚಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ನೋಡುತ್ತಾರೆ. ಇದು ಕಾಗದದ ಮೇಲಿನ ಕ್ರಮ.

ಕಾಗದದಲ್ಲಿ ಬರೆಯದ ಕೆಲಸವೇ ದೊಡ್ಡದು. ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿ, ಎಷ್ಟು ಉಳಿದಿವೆ ಎಂದು ಎಣಿಸಿದರೆ ಸತ್ಯ ಹೊರಬೀಳುತ್ತದೆ. ಓದು ಬಾರದ ಅಜ್ಜಿಗೆ ಬೆಳಗಿನದು ಯಾವುದು, ರಾತ್ರಿಯದು ಯಾವುದು ಎಂದು ಗುರುತು ಮಾಡಿಕೊಡಬೇಕು. ಮಧುಮೇಹಿಯ ಅಂಗಾಲನ್ನು ನೋಡಬೇಕು. ಏಕೆಂದರೆ ಸ್ಪರ್ಶ ಕಳೆದುಕೊಂಡ ಪಾದಕ್ಕೆ ಮುಳ್ಳು ಚುಚ್ಚಿದ್ದೂ ತಿಳಿಯದು. ತಿಳಿಯದ ಗಾಯವೇ ಕೊನೆಗೆ ಕಾಲನ್ನು ಕಳೆಯುತ್ತದೆ. ಮಾತ್ರೆ ನುಂಗಿ ಊಟ ತಪ್ಪಿಸಿದವರಿಗೆ ಬೆವರು, ನಡುಕ ಬಂದರೆ ತಕ್ಷಣ ಸಕ್ಕರೆ ನೀರು ಕುಡಿಸಬೇಕೆಂದು ಮನೆಯವರಿಗೆ ಕಲಿಸಬೇಕು.

ಪ್ಲೇಟೋ ಕಂಡ ಇಬ್ಬರು ವೈದ್ಯರು

ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ತನ್ನ ಇಳಿವಯಸ್ಸಿನಲ್ಲಿ ರಚಿಸಿದ, ಕಾನೂನುಗಳನ್ನು ಕುರಿತ ಸಂವಾದದಲ್ಲಿ ಎರಡು ಬಗೆಯ ವೈದ್ಯರನ್ನು ಚಿತ್ರಿಸುತ್ತಾನೆ. ಗುಲಾಮರಿಗೆ ಮದ್ದು ಕೊಡುವವನು ಕಾರಣ ಹೇಳುವುದಿಲ್ಲ, ರೋಗಿಯ ಮಾತನ್ನೂ ಕೇಳುವುದಿಲ್ಲ. ಅಪ್ಪಣೆ ಕೊಟ್ಟು ಮುಂದಿನವನ ಬಳಿಗೆ ಧಾವಿಸುತ್ತಾನೆ. ಸ್ವತಂತ್ರರಿಗೆ ಮದ್ದು ಕೊಡುವವನಾದರೋ ರೋಗಿಯೊಡನೆಯೂ ಅವನ ಬಂಧುಗಳೊಡನೆಯೂ ಮಾತನಾಡುತ್ತಾನೆ, ಅವರಿಂದ ತಾನೂ ಕಲಿಯುತ್ತಾನೆ. ರೋಗಿಯ ಮನವೊಪ್ಪುವವರೆಗೆ ಚಿಕಿತ್ಸೆ ವಿಧಿಸುವುದಿಲ್ಲ.

ಇಪ್ಪತ್ತಮೂರು ಶತಮಾನಗಳು ಕಳೆದ ಮೇಲೂ ಈ ಭೇದ ಅಳಿದಿಲ್ಲ. ಹಣವುಳ್ಳವನಿಗೆ ಕಾರಣ ಹೇಳುವ ವೈದ್ಯರು ದೊರೆಯುತ್ತಾರೆ. ಬಡವನಿಗೆ ದೊರೆಯುವುದು ಅಪ್ಪಣೆ ಮಾತ್ರ. ಆಜೀವ ಪರ್ಯಂತ ಇರುವ ರೋಗವನ್ನು ಅಪ್ಪಣೆಯಿಂದ ಆಳಲಾಗದು. ಯಾರೂ ನೋಡದಿರುವಾಗಲೂ ಮಾತ್ರೆ ನುಂಗುವವನು ಮನವೊಪ್ಪಿದವನು ಮಾತ್ರ. ಬಡವರ ಪಾಲಿಗೆ ಆ ಎರಡನೆಯ ಬಗೆಯ ಆರೈಕೆಯನ್ನು ಒಯ್ಯುತ್ತಿರುವವರು ಹತ್ತನೆಯ ತರಗತಿಯವರೆಗೆ ಓದಿದ ಈ ನೆರೆಮನೆಯ ಹೆಣ್ಣುಮಗಳು. ಆಕೆಯನ್ನು ‘ವೈದ್ಯರಿಲ್ಲದ ಕಡೆ ಬದಲಿ’ ಎಂದು ತಿಳಿಯುವುದು ತಪ್ಪು. ವೈದ್ಯರಿದ್ದರೂ ಆಕೆ ಬೇಕು. ಆಕೆ ಮಾಡುವ ಕೆಲಸವೇ ಬೇರೆ.

ಪರೀಕ್ಷೆಯಲ್ಲಿ ನಿಂತ ಮಾತು

ಇದು ಬರಿಯ ಭಾವುಕತೆಯಲ್ಲ. ಬೆಂಗಳೂರಿನ ನಮ್ಮ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರ ನೇತೃತ್ವದಲ್ಲಿ ಭಾರತದ 14 ಆಸ್ಪತ್ರೆಗಳಲ್ಲಿ, ಹೃದಯಾಘಾತ ಮೊದಲಾದ ಹೃದಯದ ತೀವ್ರ ತೊಂದರೆಗೊಳಗಾದ 806 ರೋಗಿಗಳ ಮೇಲೆ ಅಧ್ಯಯನವೊಂದು ನಡೆಯಿತು. ಅರ್ಧದಷ್ಟು ರೋಗಿಗಳನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಆಸ್ಪತ್ರೆಯಲ್ಲಿಯೂ ಮನೆಯಲ್ಲಿಯೂ ಭೇಟಿಮಾಡಿ ಮಾತನಾಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದ ಬಳಿಕ ಔಷಧವನ್ನು ತಪ್ಪದೆ ಸೇವಿಸುತ್ತಿದ್ದವರು ಆ ಗುಂಪಿನಲ್ಲಿ ಶೇಕಡ 97; ಉಳಿದ ಗುಂಪಿನಲ್ಲಿ ಶೇಕಡ 92. ರಕ್ತದೊತ್ತಡವೂ ತೂಕವೂ ಭೇಟಿ ಪಡೆದವರಲ್ಲೇ ಕಡಿಮೆ ಇದ್ದವು.

ಬಾಂಗ್ಲಾದೇಶ, ಪಾಕಿಸ್ತಾನ ಹಾಗೂ ಶ್ರೀಲಂಕಾಗಳ 30 ಗ್ರಾಮೀಣ ಸಮುದಾಯಗಳಲ್ಲಿ ರಕ್ತದೊತ್ತಡವಿದ್ದ 2,645 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವೂ ಇದನ್ನೇ ಸಾರಿತು. ಸರ್ಕಾರಿ ಕಾರ್ಯಕರ್ತರು ಮನೆಗೆ ಹೋಗಿ ಒತ್ತಡ ಅಳೆದು, ತಿಳಿಹೇಳಿ, ಅಗತ್ಯವಿದ್ದವರನ್ನು ತರಬೇತಾದ ವೈದ್ಯರ ಬಳಿಗೆ ಕಳುಹಿಸಿದ ಕಡೆ, ಎರಡು ವರ್ಷಗಳಲ್ಲಿ ಮೇಲಿನ ಒತ್ತಡವು ಇತರರಿಗಿಂತ ಸರಾಸರಿ 5 ಅಂಕಗಳಷ್ಟು ಹೆಚ್ಚು ಇಳಿದಿತ್ತು. ಐದು ಅಂಕ ಅಲ್ಪವೆಂದು ತೋರಬಹುದು. ಹನಿಗೂಡಿದರೆ ಹಳ್ಳ, ಊರಿಗೆ ಊರೇ ಐದು ಅಂಕ ಇಳಿದರೆ ಎಷ್ಟೋ ಮನೆಗಳಿಗೆ ಪಾರ್ಶ್ವವಾಯು ಬಾರದೆ ಹೋಗುತ್ತದೆ.

ಈ ವಿಚಾರ ನಿನ್ನೆ ಮೊನ್ನೆಯದೂ ಅಲ್ಲ. 1970ರಲ್ಲಿ ಮಹಾರಾಷ್ಟ್ರದ ಜಾಮಖೇಡದಲ್ಲಿ ರಜನಿಕಾಂತ ಮತ್ತು ಮೇಬಲ್ ಆರೋಳೆ ಎಂಬ ವೈದ್ಯ ದಂಪತಿಗಳು ಹಳ್ಳಿಯ ಮಹಿಳೆಯರಿಗೇ ಆರೋಗ್ಯದ ಪಾಠ ಹೇಳಿಕೊಡತೊಡಗಿದರು. ಅವರಲ್ಲಿ ಅನೇಕರು ಅಕ್ಷರ ಅರಿಯದವರು, ಊರ ಹೊರಗೆ ಇರಿಸಲ್ಪಟ್ಟವರು. ದೀರ್ಘಕಾಲ ಔಷಧ ಬೇಡುವ ಕುಷ್ಠ, ಕ್ಷಯಗಳ ರೋಗಿಗಳನ್ನೂ ಅವರು ನೋಡಿಕೊಂಡರು. 1979ರಲ್ಲಿ ಆ ದಂಪತಿಗಳಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಈಚೆಗೆ, 2021ರ ಆಗಸ್ಟ್‌ನಲ್ಲಿ, ತಮಿಳುನಾಡು ಸರ್ಕಾರ ಮಹಿಳಾ ಸ್ವಯಂಸೇವಕಿಯರ ಮೂಲಕ ಮಾತ್ರೆಗಳನ್ನು ಮನೆಗೇ ತಲುಪಿಸುವ ಯೋಜನೆಯನ್ನು ನಮ್ಮ ಗಡಿಗೆ ಹೊಂದಿರುವ ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭಿಸಿತು. ಕರ್ನಾಟಕದಲ್ಲಿಯೂ 2024ರ ಅಕ್ಟೋಬರ್‌ನಲ್ಲಿ ‘ಗೃಹ ಆರೋಗ್ಯ’ ಯೋಜನೆ ಕೋಲಾರ ಜಿಲ್ಲೆಯಲ್ಲಿ ಚಾಲನೆ ಪಡೆಯಿತು.

ಗೌರವವುಂಟು, ಸಂಬಳವಿಲ್ಲ

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಪ್ರಶಸ್ತಿಯಿಂದ ಗೌರವಿಸಿತು. ಆದರೆ ನಮ್ಮ ಯೋಜನೆಯ ಪರಿಭಾಷೆಯಲ್ಲಿ ಆಕೆ ಇಂದಿಗೂ ನೌಕರಳಲ್ಲ, ಸ್ವಯಂಸೇವಕಿ. ಪಡೆಯುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಮೇಲೆ ಹೇಳಿದ ನಮೂನೆಯನ್ನು ತುಂಬಿಸಲು ತಲೆಗೆ 10 ರೂಪಾಯಿ, ದೀರ್ಘಕಾಲದ ರೋಗಿಯೊಬ್ಬನನ್ನು ಆರು ತಿಂಗಳು ಹಿಂಬಾಲಿಸಿ ಚಿಕಿತ್ಸೆಯಲ್ಲಿ ಉಳಿಸಿದರೆ 50 ರೂಪಾಯಿ ಎಂದು ಅಭಿಯಾನದ ಮಾರ್ಗಸೂಚಿಯಲ್ಲಿ ನಿಗದಿಯಾಯಿತು. ಲೆಕ್ಕ ಹಾಕಿರಿ: ತಿಂಗಳಿಗೆ ಒಂಬತ್ತು ರೂಪಾಯಿಯೂ ಆಗದು.

2025ರ ಜನವರಿಯ ಚಳಿಯಲ್ಲಿ ರಾಜ್ಯದ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಅಹೋರಾತ್ರಿ ಧರಣಿ ಕುಳಿತರು. ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಖಾತರಿಯನ್ನು ಮುಖ್ಯಮಂತ್ರಿಗಳು ನೀಡಿದ ಬಳಿಕ ಎದ್ದರು. ಸೇವೆಯನ್ನು ಹೊಗಳಿ ಕೂಲಿಯನ್ನು ಮರೆಯುವುದು ಸುಲಭ. ಕೂಲಿಗೆ ಅರ್ಹವಾದ ದುಡಿಮೆಯನ್ನು ‘ಸೇವೆ’ ಎಂದು ಕರೆದ ಮಾತ್ರಕ್ಕೆ ಋಣ ತೀರುವುದಿಲ್ಲ. ದಾನಕ್ಕಿಂತ ಮೊದಲು ನ್ಯಾಯ ಸಲ್ಲಬೇಕು.

ಆಕೆಯ ಹೆಗಲಿಗೆ ಎಲ್ಲವನ್ನೂ ಹೊರಿಸುವುದೂ ಅನ್ಯಾಯವೇ. ಎದೆನೋವು ಬಂದವರನ್ನು, ಮುಖ ಸೊಟ್ಟಗಾಗಿ ಮಾತು ತೊದಲಿದವರನ್ನು ತಡಮಾಡದೆ ಆಸ್ಪತ್ರೆಗೇ ಒಯ್ಯಬೇಕು. ಆರೋಗ್ಯ ಕೇಂದ್ರದಲ್ಲಿ ಮಾತ್ರೆಯ ದಾಸ್ತಾನು ಇರಲೇಬೇಕು. ‘ಬನ್ನಿ, ಮಾತ್ರೆ ಕೊಡಿಸುತ್ತೇನೆ’ ಎಂದು ಕರೆದೊಯ್ದು ಬರಿಗೈಯಲ್ಲಿ ಮರಳಿಸಿದ ಕಾರ್ಯಕರ್ತೆಯ ಮಾತನ್ನು ಎರಡನೆಯ ಸಲ ಯಾರು ನಂಬಿಯಾರು?

ನಮ್ಮ ಮನೆಗಳಲ್ಲಿ

ಪ್ರಿಯ ಓದುಗರೇ, ಆಶಾ ಕಾರ್ಯಕರ್ತೆ ನಿಮ್ಮ ಮನೆಗೆ ಬಂದಾಗ ‘ನಮಗೇನೂ ಕಾಯಿಲೆಯಿಲ್ಲ’ ಎಂದು ಬಾಗಿಲಲ್ಲಿಯೇ ಮಾತು ಮುಗಿಸಬೇಡಿರಿ. ತನಗೆ ರಕ್ತದೊತ್ತಡವಿದೆಯೆಂದು ಅರಿಯದ ಆ 72 ಮಂದಿಯೂ ಹಾಗೆಯೇ ಹೇಳಿದ್ದರು. ಕುಳ್ಳಿರಿಸಿ, ಕುಡಿಯಲು ನೀರು ಕೊಟ್ಟು, ಕೇಳಿದ್ದಕ್ಕೆ ನಿಜ ಹೇಳಿರಿ. ಮನೆಯಲ್ಲಿ ಮಾತ್ರೆ ಸೇವಿಸುವವರಿದ್ದರೆ ಮಕ್ಕಳಲ್ಲಿ ಒಬ್ಬರಿಗೆ ಅದನ್ನು ನೆನಪಿಸುವ ಹೊಣೆ ವಹಿಸಿರಿ. ಅಮ್ಮನೊಬ್ಬಳಿಗೆ ಬೇರೆ ಸಪ್ಪೆ ಅಡುಗೆ ಮಾಡುವುದಕ್ಕಿಂತ ಮನೆಮಂದಿಯೆಲ್ಲ ಉಪ್ಪು ಕಡಿಮೆ ಮಾಡಿದರೆ ಆಕೆಗೆ ತಾನು ರೋಗಿಯೆಂಬ ಬೇಸರವೂ ತಪ್ಪುತ್ತದೆ. ತಪಸ್ಸು ಕಾಲದ ಉಪವಾಸದ ನಿಯಮವು ರೋಗಿಗಳನ್ನು ಕಟ್ಟಿಹಾಕುವುದಿಲ್ಲ; ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಚುಚ್ಚುಮದ್ದನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು.

ದೊಡ್ಡ ಆಸ್ಪತ್ರೆಗಳನ್ನು ಕಟ್ಟಿದ ಹೆಮ್ಮೆ ನಮ್ಮ ಸಮುದಾಯಕ್ಕಿದೆ. ಅವು ಬೇಕು, ಇನ್ನೂ ಬೆಳೆಯಬೇಕು. ಆದರೆ ರೋಗಿ ಆಸ್ಪತ್ರೆಯಲ್ಲಿ ಕಳೆಯುವುದು ವರ್ಷಕ್ಕೆ ಕೆಲವು ಗಂಟೆಗಳು ಮಾತ್ರ. ಉಳಿದ ದಿನಗಳನ್ನೆಲ್ಲ ಆತ ಕಳೆಯುವುದು ತನ್ನ ಮನೆಯಲ್ಲಿ, ತನ್ನ ತಟ್ಟೆಯ ಮುಂದೆ. ಅಲ್ಲಿಗೆ ಬಂದು ‘ಇವತ್ತಿನ ಮಾತ್ರೆ ಆಯಿತೇ, ಅಜ್ಜಿ?’ ಎಂದು ಕೇಳುವ ಒಬ್ಬರಿದ್ದರೆ ವೈದ್ಯರು ಬರೆದ ಚೀಟಿ ಸಾರ್ಥಕವಾಗುತ್ತದೆ. ಹಾಗೆ ಕೇಳುವವರು ಹಸಿದಿರದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ.