ಪರದೆ ಹಿಗ್ಗಿ ನಿಂತರೆ ಗಾಬರಿ ಬೇಡ

ಧಾರಣೆ ನೋಡುವುದು, ಬಿಲ್ಲು ತಯಾರಿಸುವುದು, ಬ್ಯಾಂಕಿನ ಲೆಕ್ಕ ಪರಿಶೀಲಿಸುವುದು ಈಗ ಬಹುಮಟ್ಟಿಗೆ ಕಂಪ್ಯೂಟರಿನಲ್ಲೇ ನಡೆಯುತ್ತಿವೆ. ಹೀಗಿರುವಾಗ ಪರದೆಯ ಅಕ್ಷರಗಳು ಇದ್ದಕ್ಕಿದ್ದಂತೆ ಹೆಬ್ಬೆರಳು ಗಾತ್ರವಾಗಿ, ಬೇಕಾದ ಭಾಗ ಅಂಚಿನಾಚೆ ಸರಿದುಹೋದರೆ ಯಂತ್ರ ಕೆಟ್ಟಿತೆಂದು ಭಾವಿಸುವವರೇ ಹೆಚ್ಚು. ವಾಸ್ತವವಾಗಿ ಯಂತ್ರಕ್ಕೆ ಏನೂ ಆಗಿರುವುದಿಲ್ಲ. ಕಣ್ಣು ಮಂಜಾದವರಿಗೆಂದು ಅದರಲ್ಲೇ ಇಟ್ಟಿರುವ ಭೂತಗನ್ನಡಿಯ ಸೌಕರ್ಯ ನಮಗರಿವಿಲ್ಲದೆ ಚಾಲೂ ಆಗಿರುತ್ತದೆ. ಕೀಬೋರ್ಡಿನ ಧೂಳು ಒರೆಸುವಾಗ ಎರಡು ಕೀ ಒಟ್ಟಿಗೆ ಅದುಮಿದರೂ ಸಾಕು.

ಲೆಕ್ಕದಲ್ಲಿ ಎಚ್ಚರ

ಪರದೆ ಎರಡು ಪಟ್ಟು ಹಿಗ್ಗಿದರೆ ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ ಮರೆಯಾಗಿ, ಕಣ್ಣಿಗೆ ಬೀಳುವುದು ಕಾಲು ಭಾಗ ಮಾತ್ರ. ಅಡಿಕೆ ಧಾರಣೆಯ ಪಟ್ಟಿಯಲ್ಲಿ ತಲೆಬರಹ ಮರೆಯಾದಾಗ ಗರಿಷ್ಠ ದರವನ್ನೇ ಸಾಮಾನ್ಯ ದರವೆಂದು, ಬೆಟ್ಟೆಯ ದರವನ್ನು ರಾಶಿಯದೆಂದು ಓದಿಕೊಳ್ಳುವ ಸಂಭವವಿದೆ. ಕಾಫಿಯಲ್ಲಿಯೂ ಪಾರ್ಚ್‌ಮೆಂಟ್, ಚೆರ್ರಿ ಅದಲುಬದಲಾದೀತು. 50 ಕಿಲೋ ಚೀಲದ ದರವೋ ಕ್ವಿಂಟಾಲಿನದೋ ತಿಳಿಯದಾದೀತು. ಆದಕಾರಣ ಪರದೆ ಸರಿಯಾಗುವವರೆಗೆ ಯಾವ ದರವನ್ನೂ ನಂಬಿ ಮಾತು ಕೊಡಬಾರದು, ಹಣ ಪಾವತಿಯನ್ನೂ ಮಾಡಬಾರದು.

ಗುರುತಿಸುವುದು ಹೇಗೆ? ಸರಿಪಡಿಸುವುದು ಹೇಗೆ?

ಹಿಗ್ಗುವಿಕೆಯಲ್ಲಿ ಮೂರು ಬಗೆ. ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತದೆ.

1. ಮೌಸ್ ಸರಿಸಿದತ್ತ ಇಡೀ ದೃಶ್ಯವೇ ಜರುಗುತ್ತಿದ್ದರೆ ಅದು ಮ್ಯಾಗ್ನಿಫೈಯರ್ ಎಂಬ ಭೂತಗನ್ನಡಿ. ಕಿಟಕಿಯ ಗುರುತಿರುವ ವಿಂಡೋಸ್ ಕೀಯನ್ನು ಅದುಮಿಕೊಂಡೇ, ಎಡಗಡೆಯ ಮೇಲ್ಮೂಲೆಯ ಎಸ್ಕೇಪ್ ಕೀಯನ್ನು ಒತ್ತಿರಿ. ಗನ್ನಡಿ ಮುಚ್ಚಿಕೊಳ್ಳುತ್ತದೆ.

2. ಕೆಳಗಿನ ಪಟ್ಟಿ, ಗಡಿಯಾರ ಎಂದಿನಂತಿದ್ದು, ಅಂತರ್ಜಾಲದ ಪುಟ ಮಾತ್ರ ದಪ್ಪವಾಗಿದ್ದರೆ ತೊಂದರೆ ಬ್ರೌಸರಿನದು. ಕಂಟ್ರೋಲ್ ಕೀ ಅದುಮಿಕೊಂಡು ಸೊನ್ನೆಯನ್ನು ಒತ್ತಿರಿ. ಪುಟ 100 ಪ್ರತಿಶತಕ್ಕೆ ಮರಳುತ್ತದೆ.

3. ನಾಲ್ಕೂ ಅಂಚು ಕಾಣುತ್ತಿದ್ದು, ಎಲ್ಲವೂ ಒಂದೇ ಸಮನೆ ದಪ್ಪವಾಗಿದ್ದರೆ ಅಳತೆಯ ಸೆಟ್ಟಿಂಗ್ ಬದಲಾಗಿದೆ. ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲ ಬಟನ್ ಒತ್ತಿ, ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. ಸ್ಕೇಲ್, ರೆಸಲ್ಯೂಷನ್ ಎರಡರಲ್ಲೂ ರೆಕಮೆಂಡೆಡ್ ಎಂದಿರುವುದನ್ನು ಆರಿಸಿರಿ. ಹೊಸ ರೆಸಲ್ಯೂಷನ್ ಉಳಿಸಬೇಕೆ ಎಂದು ಯಂತ್ರ ಕೇಳಿದಾಗ ಸರಿಯಿದ್ದರೆ ಒಪ್ಪಿರಿ. ಸುಮ್ಮನಿದ್ದರೆ ಕೆಲವೇ ಸೆಕೆಂಡಿನಲ್ಲಿ ಹಳೆಯದಕ್ಕೇ ಹಿಂತಿರುಗುತ್ತದೆ.

ಮೊಬೈಲಿನಲ್ಲಿ

ಆಂಡ್ರಾಯ್ಡ್ ಫೋನಿನಲ್ಲಿ ಎರಡು ಬೆರಳಿನಿಂದ ಎಳೆದರೆ ಹಿಗ್ಗಿದ ದೃಶ್ಯ ಜರುಗುತ್ತದೆ. ಹಾಗೆ ಜರುಗಿಸುತ್ತ ಸೆಟ್ಟಿಂಗ್ಸ್‌ಗೆ ಹೋಗಿ, ಅಕ್ಸೆಸಿಬಿಲಿಟಿಯಲ್ಲಿ ಮ್ಯಾಗ್ನಿಫಿಕೇಷನ್ ಆರಿಸಿ ನಿಲ್ಲಿಸಿರಿ. ಐಫೋನಿನಲ್ಲಾದರೆ ಮೂರು ಬೆರಳನ್ನು ಒಟ್ಟಿಗೆ ಇಟ್ಟು ಎರಡು ಸಲ ತಟ್ಟಬೇಕು.

ಮತ್ತೆ ಮತ್ತೆ ಹಿಗ್ಗಿದರೆ

ಪುಟ ಪದೇ ಪದೇ ಹಿಗ್ಗುತ್ತಿದ್ದರೆ ಕಂಟ್ರೋಲ್ ಕೀ ಧೂಳಿನಿಂದಲೋ ಜಿಗುಟಿನಿಂದಲೋ ಕೆಳಗೇ ಕಚ್ಚಿಕೊಂಡಿರಬಹುದು. ಆಗ ಮೌಸಿನ ಚಕ್ರ ತಿರುಗಿಸಿದಾಗಲೆಲ್ಲ ಅಕ್ಷರದ ಗಾತ್ರ ಬದಲಾಗುತ್ತದೆ. ಕಂಪ್ಯೂಟರ್ ಆರಿಸಿ, ಕೀಯ ಸುತ್ತ ಶುಚಿಮಾಡಿ ನೋಡಿರಿ. ಇನ್ನೂ ಕಚ್ಚಿಕೊಳ್ಳುತ್ತಿದ್ದರೆ ಕೀಬೋರ್ಡ್ ಬದಲಿಸುವುದೇ ಲೇಸು.

ಯಂತ್ರ ಕೆಟ್ಟಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎಂಬ ಸೂಚನೆ ಪರದೆಯಲ್ಲಿ ಬಂದರೆ ಮಾತ್ರ ಅದು ಬೇರೆಯೇ ವಿಷಯ, ಮೋಸಗಾರರ ಕೆಲಸ. ಅಪರಿಚಿತರ ಮಾತು ಕೇಳಿ ಯಾವ ಆಪನ್ನೂ ಹಾಕಿಕೊಳ್ಳಬಾರದು, ಓಟಿಪಿ ಹೇಳಬಾರದು. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ತಿಳಿಸಿರಿ.

ಮನೆಯಲ್ಲಿ ಹಿರಿಯರು ಓದಲೆಂದೇ ಅಕ್ಷರ ದೊಡ್ಡದು ಮಾಡಿಕೊಂಡಿದ್ದರೆ ಅವರನ್ನು ಕೇಳದೆ ತೆಗೆಯುವುದು ಸರಿಯಲ್ಲ. ಅಂಥವರಿಗೆ ಸ್ಕೇಲನ್ನು ಒಂದು ಮೆಟ್ಟಿಲು ಏರಿಸಿಟ್ಟರೆ ಅಕ್ಷರವೂ ದಪ್ಪವಾಗಿ ಕಾಣುತ್ತದೆ, ಅಂಚೂ ಮರೆಯಾಗುವುದಿಲ್ಲ. ಮೇಲಿನ ಮೂರು ಉಪಾಯಗಳನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಡುವುದು ಒಳ್ಳೆಯದು.