ವಯಸ್ಸಿನ ಜೊತೆ ಓಡುವ ತಂಡ

ಬೆಂಗಳೂರಿನ ಕಡೆಯಿಂದ ರೈಲಿನಲ್ಲಿ ಬಂದಿಳಿಯುವ ಕನ್ನಡಿಗರಿಗೆ ಹೈದರಾಬಾದಿನ ಕಾಚಿಗೂಡ ಅಂದರೆ 1916ರಲ್ಲಿ ನಿಜಾಮರ ಆಳ್ವಿಕೆಯಲ್ಲಿ ಎದ್ದ ಚೆಂದದ ನಿಲ್ದಾಣ, ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ. ಇದೇ ಕಾಚಿಗೂಡದ ಮಿಡಲ್ ಸ್ಕೂಲಿನಲ್ಲಿ ಸೈಯದ್ ಅಬ್ದುಲ್ ರಹೀಮ್ ಎಂಬ ಮೇಷ್ಟ್ರು ಪಾಠ ಹೇಳುತ್ತಿದ್ದರು. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರ. ಮುಂದೆ ಚಾದರ್‌ಘಾಟ್ ಹೈಸ್ಕೂಲೂ ಸೇರಿದಂತೆ ನಗರದ ಬೇರೆ ಶಾಲೆಗಳಲ್ಲಿ ಕೆಲಸ ಮಾಡಿ, ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು, ಮಕ್ಕಳ ಆಟೋಟದ ಹೊಣೆ ಹೊತ್ತರು. ಈ ಮೇಷ್ಟ್ರ ತರಬೇತಿಯಲ್ಲೇ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಗೆದ್ದದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿದ್ದು. ಮೆಲ್ಬರ್ನ್‌ಗೆ ಹೋದ ತಂಡದಲ್ಲಿ ಹೈದರಾಬಾದಿನ ನೂರ್ ಮೊಹಮ್ಮದ್, ತುಳಸೀದಾಸ ಬಲರಾಂ ಅವರಂಥವರ ಜೊತೆ ನಮ್ಮ ಕೆಂಪಯ್ಯನವರೂ ಇದ್ದರು. 2024ರಲ್ಲಿ ತೆರೆಕಂಡ ‘ಮೈದಾನ್’ ಚಿತ್ರ ರಹೀಮರ ಕಥೆಯನ್ನೇ ಹೇಳುತ್ತದೆ.

ರಹೀಮರು ಕಲಿಸುತ್ತಿದ್ದ ರೀತಿ ನನಗೆ ಅವರು ಗೆದ್ದ ಪದಕಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಬಲಗಾಲಿನವರು ಎಡಗಾಲಿನಲ್ಲೇ ಒದೆಯಬೇಕು ಎಂಬ ನಿಯಮವಿಟ್ಟು ಅವರು ಪಂದ್ಯಾವಳಿ ನಡೆಸುತ್ತಿದ್ದರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಡ್ರಿಬಲ್ ಮಾಡುವಂತಿಲ್ಲ, ಬಂದ ಕೂಡಲೇ ಜೊತೆಗಾರರಿಗೆ ಕೊಡಬೇಕು ಎಂಬ ಪಂದ್ಯಾವಳಿಯೂ ಇತ್ತು. ಇಂಥ ಕಲಿಕೆ ಮೈಗೆ ಹತ್ತುವುದು ಎಳೆಯ ವಯಸ್ಸಿನಲ್ಲಿ. ಇಪ್ಪತ್ತು ದಾಟಿದವರಿಗೆ ಎಡಗಾಲು ಕಲಿಸುವುದು ಬಲು ಕಷ್ಟ. ಭಾರತದ ಕಿರಿಯ ಹುಡುಗಿಯರ ರಾಷ್ಟ್ರೀಯ ತಂಡವನ್ನು ಪರಿಚಯಿಸಲು ಹೊರಟಾಗ ಈ ಶಾಲಾ ಮೇಷ್ಟ್ರು ಮೊದಲು ನೆನಪಾಗುವುದು ಅದಕ್ಕೇ.

ಅಂತರರಾಷ್ಟ್ರೀಯ ಕಣದಲ್ಲಿ ಈ ತಂಡಕ್ಕೆ ಮುಖ್ಯವಾಗಿ ಎರಡು ರೂಪ: 17 ವರ್ಷದೊಳಗಿನವರದು ಮತ್ತು 20 ವರ್ಷದೊಳಗಿನವರದು. ಏಷ್ಯಾದ ಅರ್ಹತಾ ಸುತ್ತು ದಾಟಿದರೆ ಏಷ್ಯನ್ ಕಪ್. ಅಲ್ಲಿ 12 ತಂಡಗಳು ಆಡುತ್ತವೆ, ಸೆಮಿಫೈನಲ್ ತಲುಪಿದ ನಾಲ್ಕಕ್ಕೆ ವಿಶ್ವಕಪ್. ಹಿರಿಯರ ತಂಡದಲ್ಲಿ ಒಬ್ಬ ಆಟಗಾರ್ತಿ ಹತ್ತು ಹನ್ನೆರಡು ವರ್ಷ ಇರಬಹುದು. ಇಲ್ಲಿ ಹುಟ್ಟಿದ ಇಸವಿಯೇ ಗಡಿ. ಗಡಿ ದಾಟಿದ ದಿನ ಎಷ್ಟೇ ಚೆನ್ನಾಗಿ ಆಡುತ್ತಿದ್ದರೂ ಅಂಗಿ ಕಳಚಿ ಇನ್ನೊಬ್ಬಳಿಗೆ ಕೊಡಬೇಕು.

ಈ ಗಡಿಯ ಕ್ರೌರ್ಯ ಏನೆಂದು ನಮ್ಮ ಒಂದು ತಲೆಮಾರಿನ ಹುಡುಗಿಯರು ಉಂಡಿದ್ದಾರೆ. 2020ರ 17 ವರ್ಷದೊಳಗಿನ ಮಹಿಳಾ ವಿಶ್ವಕಪ್ ಭಾರತದಲ್ಲಿ ನಡೆಯಬೇಕಿತ್ತು. ಆತಿಥೇಯರಾದ್ದರಿಂದ ಅರ್ಹತಾ ಸುತ್ತಿನ ಹಂಗಿಲ್ಲದೆ ಸ್ಥಾನ ಖಚಿತ. 2003 ಮತ್ತು 2004ರಲ್ಲಿ ಹುಟ್ಟಿದ ಹುಡುಗಿಯರು ಮನೆ, ಶಾಲೆ ಬಿಟ್ಟು ಶಿಬಿರ ಸೇರಿದರು. ಕೊರೊನಾ ಬಂತು. ಪಂದ್ಯಾವಳಿಯನ್ನು ಮೊದಲು 2021ಕ್ಕೆ ಮುಂದೂಡಿದರು, 2020ರ ನವೆಂಬರ್‌ನಲ್ಲಿ ರದ್ದೇ ಮಾಡಿದರು. ಭಾರತಕ್ಕೆ 2022ರ ಆತಿಥ್ಯ ಸಿಕ್ಕಿತು, ಆದರೆ ಅದಕ್ಕೆ 2005ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರೇ ಬೇಕು. ದೇಶಕ್ಕೆ ವಿಶ್ವಕಪ್ ಉಳಿಯಿತು, ಆ ಹುಡುಗಿಯರಿಗೆ ಉಳಿಯಲಿಲ್ಲ. ಒಂದೇ ಒಂದು ಪಂದ್ಯವನ್ನೂ ಆಡದೆ, ಯಾವ ಸೋಲನ್ನೂ ಕಾಣದೆ ಅವರ ವಿಶ್ವಕಪ್ ಮುಗಿದುಹೋಯಿತು. ಇದರ ಬಗ್ಗೆ ನಾವು ಮಾತಾಡಿದ್ದು ತೀರಾ ಕಡಿಮೆ ಎಂದೇ ನನ್ನ ಭಾವನೆ.

2022ರದ್ದೂ ಸಲೀಸಾಗಿ ನಡೆಯಲಿಲ್ಲ. ಪಂದ್ಯಾವಳಿಗೆ ಎರಡು ತಿಂಗಳೂ ಇಲ್ಲದಿರುವಾಗ, ಆಗಸ್ಟ್ 15ರಂದು, ಆಡಳಿತದ ಗೊಂದಲದ ಕಾರಣಕ್ಕೆ ಫಿಫಾ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನನ್ನು ಅಮಾನತು ಮಾಡಿತು. ಆಗಸ್ಟ್ 26ಕ್ಕೆ ಅದು ತೆರವಾಯಿತು. ಅಕ್ಟೋಬರ್ 11ರಂದು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಅಮೆರಿಕದ ಎದುರು ಭಾರತ ಇಳಿಯಿತು. ಫಲಿತಾಂಶ 0-8. ಆಮೇಲೆ ಮೊರಾಕೊ ಎದುರು 0-3, ಬ್ರೆಜಿಲ್ ಎದುರು 0-5. ಮೂರು ಪಂದ್ಯ, 16 ಗೋಲು ಬಿಟ್ಟುಕೊಟ್ಟದ್ದು, ಹೊಡೆದದ್ದು ಒಂದೂ ಇಲ್ಲ.

ಅಂಕಿಗಳಷ್ಟನ್ನೇ ನೋಡಿ ಈ ತಂಡವನ್ನು ಅಳೆಯಬಾರದು. ನಾಯಕಿ ಅಸ್ತಂ ಓರಾಂವ್ ಜಾರ್ಖಂಡದ ಗುಮ್ಲಾ ಜಿಲ್ಲೆಯ ಆದಿವಾಸಿ ಹುಡುಗಿ. ಅವಳ ಗೌರವಾರ್ಥ ಹಳ್ಳಿಯಲ್ಲಿ ರಸ್ತೆ ಹಾಕುತ್ತಿದ್ದಾಗ ಆ ರಸ್ತೆಯ ಕೂಲಿ ಕೆಲಸಕ್ಕೆ ಅವಳ ಅಪ್ಪ ಅಮ್ಮನೇ ಹೋಗುತ್ತಿದ್ದರೆಂದು ಪತ್ರಿಕೆಗಳು ಬರೆದವು. ತಂಡದಲ್ಲಿ ಜಾರ್ಖಂಡದವರೇ ಆರು ಮಂದಿ. ಎದುರಿಗಿದ್ದ ಅಮೆರಿಕದಲ್ಲಿ ಹುಡುಗಿಯರ ಶಾಲಾ ಫುಟ್‌ಬಾಲಿಗೆ ದಶಕಗಳ ಚರಿತ್ರೆಯಿದೆ. ನನ್ನನ್ನು ಹೆಚ್ಚು ಕಾಡಿದ್ದು ಮೊರಾಕೊ ಪಂದ್ಯ. ಅವರಿಗೂ ಅದು ಮೊದಲ ವಿಶ್ವಕಪ್ಪೇ, ಆದರೆ ಅವರು ಮಹಿಳೆಯರಿಗೆ ವೃತ್ತಿಪರ ಲೀಗ್ ಕಟ್ಟಿಕೊಂಡು ಬಂದಿದ್ದರು. ಆಟಕ್ಕಿಳಿಯುವ ಮೊದಲೇ ಆಗಬೇಕಾದ ಕೆಲಸವನ್ನು ಅವರು ಮಾಡಿದ್ದರು, ನಾವು ಮಾಡಿರಲಿಲ್ಲ.

ಹಾಗಂತ ನಮ್ಮ ಮಹಿಳಾ ಫುಟ್‌ಬಾಲ್ ನಿನ್ನೆ ಮೊನ್ನೆಯದಲ್ಲ. 1975ರಲ್ಲೇ ಮಹಿಳೆಯರಿಗಾಗಿ ಪ್ರತ್ಯೇಕ ಫೆಡರೇಶನ್ ಹುಟ್ಟಿತ್ತು, ಲಖನೌದಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದಿತ್ತು. ಕೋಳಿಕ್ಕೋಡಿನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಭಾರತ ಎರಡನೆಯ ಸ್ಥಾನ ಪಡೆದಿತ್ತು, 1983ರಲ್ಲಿ ಮತ್ತೊಮ್ಮೆ. ಆ ಕಾಲದ ಶಾಂತಿ ಮಲ್ಲಿಕ್ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಆಟಗಾರ್ತಿ. ಆಮೇಲೆ ದೀರ್ಘ ನಿರ್ಲಕ್ಷ್ಯ. ಮಹಿಳೆಯರಿಗೆ ರಾಷ್ಟ್ರೀಯ ಲೀಗ್ ಬಂದದ್ದೇ 2016-17ರಲ್ಲಿ.

ಈ ಹಿನ್ನೆಲೆ ಗೊತ್ತಿದ್ದರೆ 2025ರ ಎರಡು ಪಂದ್ಯಗಳ ಬೆಲೆ ತಿಳಿಯುತ್ತದೆ. ಆಗಸ್ಟ್ 10, ಯಾಂಗೂನ್. 20 ವರ್ಷದೊಳಗಿನವರ ಅರ್ಹತಾ ಸುತ್ತಿನಲ್ಲಿ ಇಂಡೊನೇಷ್ಯಾ ಜೊತೆ ಗೋಲಿಲ್ಲದ ಡ್ರಾ, ತುರ್ಕ್‌ಮೆನಿಸ್ತಾನ ಮೇಲೆ 7-0 ಗೆಲುವು ಮುಗಿಸಿಕೊಂಡು ಬಂದ ಭಾರತ, ಆತಿಥೇಯ ಮ್ಯಾನ್ಮಾರನ್ನು ಅವರದೇ ಜನರ ಮುಂದೆ ಪೂಜಾ ಹೊಡೆದ ಒಂದೇ ಗೋಲಿನಿಂದ ಸೋಲಿಸಿತು. ಎರಡು ದಶಕಗಳ ನಂತರ ಏಷ್ಯನ್ ಕಪ್ಪಿನ ಬಾಗಿಲು ತೆರೆಯಿತು.

ಎರಡನೆಯದು ಅಕ್ಟೋಬರ್ 17, ಕಿರ್ಗಿಜ್‌ಸ್ತಾನದ ಬಿಷ್ಕೆಕ್. ಈ ಸಲ 17 ವರ್ಷದೊಳಗಿನವರು. ಎದುರಾಳಿ ಉಜ್ಬೆಕಿಸ್ತಾನ. ಮೊದಲಾರ್ಧದಲ್ಲೇ ಭಾರತ ಒಂದು ಗೋಲು ಹಿಂದೆ. ವಿರಾಮದವರೆಗೂ ಕಾಯದೆ ಸ್ವೀಡನ್ನಿನ ಕೋಚ್ ಜೋಕಿಮ್ ಅಲೆಕ್ಸಾಂಡರ್ಸನ್ ಆಟಗಾರ್ತಿಯನ್ನು ಬದಲಿಸಿ ತಂಡಮಣಿ ಬಾಸ್ಕೆಯನ್ನು ಇಳಿಸಿದರು. ವಿರಾಮದ ನಂತರ ಆ ಹುಡುಗಿ ಗೋಲು ಹೊಡೆದು ಸಮ ಮಾಡಿದಳು, ಆಮೇಲೆ ಅನುಷ್ಕಾ ಕುಮಾರಿಗೆ ಚೆಂಡು ಒದಗಿಸಿ ಎರಡನೆಯದನ್ನೂ ಹೊಡೆಸಿದಳು. 2-1. ಅರ್ಹತಾ ಸುತ್ತು ಆಡಿ ಗೆದ್ದು ಈ ವಯೋಮಿತಿಯ ಏಷ್ಯನ್ ಕಪ್ಪಿಗೆ ಭಾರತ ಹೋದದ್ದು ಇದೇ ಮೊದಲು. ಆತಿಥೇಯರೆಂದು ಸಿಕ್ಕ 2022ರ ಸ್ಥಾನಕ್ಕಿಂತ ಆಡಿ ಪಡೆದ ಈ ಸ್ಥಾನವೇ ದೊಡ್ಡದು.

ಕಿರಿಯರ ತಂಡದಿಂದ ಮುಂದಕ್ಕೆ ದಾರಿಯುಂಟೇ ಎಂದು ಕೇಳುವವರಿಗೆ ಉತ್ತರ ಹೈದರಾಬಾದಿನಿಂದ ದೂರವೇನಿಲ್ಲ. ನಿಜಾಮಾಬಾದ್ ಜಿಲ್ಲೆಯ ಕಿಸಾನ್‌ನಗರ ತಾಂಡಾದ ಸೌಮ್ಯಾ ಗುಗುಲೋತ್ ಕಿರಿಯರ ಮಟ್ಟದಲ್ಲಿ ದೇಶಕ್ಕೆ ಆಡಿ, ಕ್ರೊಯೇಷ್ಯಾದ ಡೈನಮೊ ಜಾಗ್ರೆಬ್ ಕ್ಲಬ್ಬಿಗೂ ಹೋಗಿಬಂದು, ಈಸ್ಟ್ ಬೆಂಗಾಲ್ ಪರ ಲೀಗ್ ಗೆದ್ದು, 2024-25ರ ದೇಶದ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡವರು. ಕಲಬುರಗಿ, ಬೀದರ್, ವಿಜಯಪುರದ ತಾಂಡಾಗಳಲ್ಲಿ ಬೆಳಗಿನ ಜಾವ ಓಡುವ ಹುಡುಗಿಯರನ್ನು ನೋಡಿದವರಿಗೆ ಇದು ಅಸಾಧ್ಯದ ಕಥೆಯಾಗಿ ಕಾಣದು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ ಕೂಡ 2023ರಲ್ಲಿ ರಾಷ್ಟ್ರೀಯ ಲೀಗಿನ ಫೈನಲ್ ಮುಟ್ಟಿತ್ತು, ಗೋಕುಲಂ ಕೇರಳಕ್ಕೆ ಸೋತಿತು ಅಷ್ಟೆ. ನಮ್ಮಲ್ಲಿ ಕ್ಲಬ್ಬಿದೆ, ಲೀಗಿದೆ. ಕಡಿಮೆಯಿರುವುದು ರಹೀಮರು ಮಾಡಿದಂಥ ಕೆಲಸ, ಅದೂ ಬೆಂಗಳೂರಿನ ಆಚೆ, ಶಾಲೆಯ ಮೈದಾನಗಳಲ್ಲಿ.

17 ವರ್ಷದೊಳಗಿನ ಮಹಿಳಾ ವಿಶ್ವಕಪ್ 2025ರಿಂದ ಪ್ರತಿವರ್ಷ ನಡೆಯುತ್ತಿದೆ, 16 ಇದ್ದ ತಂಡಗಳು 24 ಆಗಿವೆ. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ ಅವಕಾಶ ಈಗ ಪ್ರತಿ ಇಸವಿಯಲ್ಲಿ ಹುಟ್ಟಿದ ಹುಡುಗಿಯರಿಗೂ ಬರುತ್ತದೆ. ಕನ್ನಡ ಶಾಲೆಗಳ ದೈಹಿಕ ಶಿಕ್ಷಕರಲ್ಲಿ, ಅದು ಕಾಚಿಗೂಡದಲ್ಲಿರಲಿ ಕಾಸರಗೋಡಿನಲ್ಲಿರಲಿ, ನನ್ನದೊಂದು ಬೇಡಿಕೆ: ಐದನೆಯ ತರಗತಿ ದಾಟುವುದರೊಳಗೆ ಹುಡುಗಿಯರ ಕಾಲಿಗೆ ಚೆಂಡು ಕೊಡಿ, ಎರಡೂ ಕಾಲಲ್ಲಿ ಒದೆಯುವುದನ್ನು ಕಲಿಸಿ. ತಂದೆತಾಯಂದಿರೇ, ಸಂಜೆ ಐದರಿಂದ ಆರೂವರೆವರೆಗೆ ಮಗಳನ್ನು ಮೈದಾನಕ್ಕೆ ಬಿಡಿ.